ಕೀಲಿಮಣೆಯನ್ನು ಎರಡು ಮಾಡಿ, ಕೈ ಉಳಿಸಿಕೊಳ್ಳಿ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಡೆ ಕೈನೋವು ಎಂದೊಡನೆ ಎಲ್ಲರಿಗೂ ನೆನಪಾಗುವುದು ತೆಂಗಿನಕಾಯಿ. ಕಾಯಿ ಸುಲಿಯುವುದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವುದು ಎಲ್ಲವೂ ಮಣಿಕಟ್ಟಿನ ಕೆಲಸವೇ. ಈಗ ಅದೇ ಮನೆಗಳಿಗೆ ಇನ್ನೊಂದು ಬಗೆಯ ಕೈಕೆಲಸವೂ ಬಂದಿದೆ. ಪಂಚಾಯಿತಿ ಕಚೇರಿಯಲ್ಲಿ ಅರ್ಜಿ ತುಂಬುವವರು, ಕೊಬ್ಬರಿ ಮಂಡಿಯ ಲೆಕ್ಕ ಬರೆಯುವವರು, ಡಿಟಿಪಿ ಅಂಗಡಿಯವರು, ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನಿಂದಲೇ ಮಾಡುವ ಯುವಕ ಯುವತಿಯರು ದಿನಕ್ಕೆ ಆರೇಳು ಗಂಟೆ ಕಂಪ್ಯೂಟರಿನ ಕೀಲಿಮಣೆ ಒತ್ತುತ್ತಾರೆ. ಸಂಜೆಗೆ ಮಣಿಕಟ್ಟು ಬಿಗಿಯುತ್ತದೆ. ರಾತ್ರಿ ಬೆರಳುಗಳು ಜೋಮು ಹಿಡಿಯುತ್ತವೆ. ‘ಕಾಯಿ ಸುಲಿಯುವವರಿಗೆ ನೋವು ಬಂದರೆ ಸರಿ, ಕೂತು ಟೈಪ್ ಮಾಡುವವರಿಗೆ ಎಂಥ ನೋವು?’ ಎಂದು ಮನೆಯವರು ಕೇಳಿದರೆ ಸಂಕೋಚಪಟ್ಟು ಸುಮ್ಮನಾಗಬೇಡಿ. ಈ ನೋವಿಗೆ ಕಾರಣಗಳಿವೆ, ಕೆಲವು ಪರಿಹಾರಗಳೂ ಇವೆ.

ನೋವು ಏಕೆ?

ಅಂಗೈಯ ಬುಡದಲ್ಲಿ ಸಣ್ಣ ಮೂಳೆಗಳೂ ಒಂದು ಗಟ್ಟಿ ಪಟ್ಟಿಯೂ ಸೇರಿ ಕಿರಿದಾದ ಸುರಂಗದಂತಾಗಿವೆ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳು ಮತ್ತು ಮೀಡಿಯನ್ ಎಂಬ ನರ ಇದರೊಳಗೇ ಹಾದುಹೋಗುತ್ತವೆ. ಮಣಿಕಟ್ಟು ನೇರವಾಗಿದ್ದಾಗ ನರದ ಮೇಲಿನ ಒತ್ತಡ ಕಡಿಮೆ. ಅದು ಮೇಲಕ್ಕೋ ಕೆಳಕ್ಕೋ ಬಾಗಿದಷ್ಟೂ ಒತ್ತಡ ಏರುತ್ತದೆ.

ಸಾಮಾನ್ಯ ಕೀಲಿಮಣೆ ಕೈಯನ್ನು ಮೂರು ರೀತಿ ತಿರುಚುತ್ತದೆ. ಎರಡು ಕೈಗಳೂ ಎದೆಯ ಮುಂದೆ ಒಂದೇ ಕಡೆ ಸೇರಬೇಕಾದ್ದರಿಂದ ಅಂಗೈಗಳು ಕಿರುಬೆರಳಿನ ಕಡೆಗೆ ಓರೆಯಾಗುತ್ತವೆ. ಕೀಲಿಮಣೆಯ ಹಿಂದಿನ ಕಾಲುಗಳನ್ನು ಎತ್ತಿಟ್ಟರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಬಲಬದಿಯ ಅಂಕಿಗಳ ಭಾಗ ಮೌಸನ್ನು ದೂರ ತಳ್ಳುವುದರಿಂದ ಬಲಭುಜಕ್ಕೆ ಆಯಾಸವಾಗುತ್ತದೆ. ಕೀಲಿಗಳ ಸಾಲುಗಳು ಓರೆಯಾಗಿರುವುದಕ್ಕೂ ನಮ್ಮ ಬೆರಳಿಗೂ ಸಂಬಂಧವಿಲ್ಲ. ಅದು ಹಳೆಯ ಟೈಪ್‌ರೈಟರಿನ ಸರಳುಗಳಿಗೆ ಜಾಗ ಬಿಡಲು ಮಾಡಿದ ಏರ್ಪಾಡು.

ಕೀಲಿಮಣೆಯನ್ನು ಎರಡು ಹೋಳು ಮಾಡಬೇಕೆಂಬ ಸಲಹೆ ಜರ್ಮನಿಯಲ್ಲಿ 1926ರಷ್ಟು ಹಿಂದೆಯೇ ಬಂದಿತ್ತು. ಇಂದು ಹವ್ಯಾಸಿಗಳು ಇಂಥ ಪುಟ್ಟ ಕೀಲಿಮಣೆಗಳನ್ನು ಮನೆಯಲ್ಲೇ ಜೋಡಿಸುತ್ತಾರೆ. ಒಂದೊಂದು ಕೈಗೆ ಒಂದೊಂದು ಹೋಳು. ಎರಡನ್ನೂ ಭುಜದಗಲಕ್ಕೆ ದೂರ ಇಟ್ಟರೆ ಮುಂಗೈ, ಮಣಿಕಟ್ಟು, ಅಂಗೈ ಒಂದೇ ಗೆರೆಯಲ್ಲಿ ನಿಲ್ಲುತ್ತವೆ.

ಎಷ್ಟು ಕೀಲಿ ಸಾಕು?

ಅಂಗಡಿಯಲ್ಲಿ ಸಿಗುವ ದೊಡ್ಡ ಕೀಲಿಮಣೆಯಲ್ಲಿ 104 ಕೀಲಿಗಳಿರುತ್ತವೆ. ಹವ್ಯಾಸಿಗಳಲ್ಲಿ ಹೆಸರಾದ ‘ಕಾರ್ನ್’ ಮಾದರಿಯಲ್ಲಿ ಇರುವುದು 42, ‘ಸ್ವೀಪ್’ ಮಾದರಿಯಲ್ಲಿ 34 ಮಾತ್ರ. ಯಾವ ಬೆರಳೂ ತನ್ನ ಜಾಗದಿಂದ ಒಂದು ಕೀಲಿಗಿಂತ ದೂರ ಚಾಚಬಾರದು ಎಂಬುದೇ ಇಲ್ಲಿನ ತತ್ವ. ಅಂಕಿಗಳು ಎಲ್ಲಿ ಹೋದವು ಎನ್ನುವಿರಾ? ಹೆಬ್ಬೆರಳಿನ ಒಂದು ಕೀಲಿಯನ್ನು ಒತ್ತಿ ಹಿಡಿದರೆ ಅಕ್ಷರದ ಕೀಲಿಗಳೇ ಅಂಕಿಗಳಾಗುತ್ತವೆ.

ಇಷ್ಟರಲ್ಲಿ ಕನ್ನಡ ಬರೆಯಲು ಸಾಧ್ಯವೇ? ಖಂಡಿತ ಸಾಧ್ಯ. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವ ವಿನ್ಯಾಸದಲ್ಲಿ ಕನ್ನಡದ ಅಕ್ಷರಗಳೆಲ್ಲ ಇಂಗ್ಲಿಷಿನ 26 ಕೀಲಿಗಳಲ್ಲೇ ಅಡಕವಾಗಿವೆ. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರಕ್ಕೆ ಎಫ್. ‘ಕೊಬ್ಬರಿ’ ಎಂದು ಬರೆಯಲು ಕೆ, ಓ, ಬಿ, ಎಫ್, ಬಿ, ಆರ್, ಐ ಎಂದು ಏಳು ಒತ್ತು ಸಾಕು, ಶಿಫ್ಟ್ ಬೇಕೇ ಇಲ್ಲ. ‘ತೆಂಗಿನಕಾಯಿ’ಗೆ ಮಾತ್ರ ಸೊನ್ನೆಗೊಮ್ಮೆ, ದೀರ್ಘಕ್ಕೊಮ್ಮೆ ಶಿಫ್ಟ್ ಒತ್ತಬೇಕು.

ಕನ್ನಡ ಟೈಪ್ ಮಾಡುವವರು ಗಮನಿಸಬೇಕಾದದ್ದು ಇದನ್ನೇ. ಈ ವಿನ್ಯಾಸದಲ್ಲಿ ಸೊನ್ನೆ, ದೀರ್ಘ ಸ್ವರಗಳು, ಳ, ಣ, ಶ ಎಲ್ಲಕ್ಕೂ ಶಿಫ್ಟ್ ಬೇಕು. ಹೀಗಾಗಿ ದಿನವಿಡೀ ದುಡಿಯುವುದು ಕೈಯ ಅತಿ ದುರ್ಬಲ ಬೆರಳಾದ ಕಿರುಬೆರಳು. ಎರಡು ಹೋಳಿನ ಕೀಲಿಮಣೆಯಲ್ಲಿ ಶಿಫ್ಟನ್ನು ಬಲವಾದ ಹೆಬ್ಬೆರಳಿನ ಕೆಳಗೆ ಇಟ್ಟುಕೊಳ್ಳಬಹುದು. ಕನ್ನಡಿಗರಿಗೆ ಇದರಿಂದ ಆಗುವ ದೊಡ್ಡ ಅನುಕೂಲ ಇದೇ. ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರಿಗೆ ಟ, ಡ ಮುಂತಾದ ಅಕ್ಷರಗಳು 26 ಕೀಲಿಗಳ ಆಚೆ, ಬಲಗೈ ಕಿರುಬೆರಳಿನ ಪಕ್ಕದಲ್ಲಿರುತ್ತವೆ. ಅಂಥವರು 34 ಕೀಲಿಗಿಂತ 42 ಕೀಲಿಯದನ್ನು ಆರಿಸಿಕೊಳ್ಳುವುದು ಲೇಸು. ಹೊಸಬರಿಗೂ ಅದೇ ಸೂಕ್ತ.

ಮೊದಲು ಖರ್ಚಿಲ್ಲದ ಪರೀಕ್ಷೆ

ಹಣ ಹಾಕುವ ಮುಂಚೆ ಹೀಗೆ ಮಾಡಿ ನೋಡಿ. ಎರಡು ಹಳೆಯ ಕೀಲಿಮಣೆಗಳನ್ನು ಒಂದೇ ಕಂಪ್ಯೂಟರಿಗೆ ಸಿಕ್ಕಿಸಿ. ಎಡಗೈಗೆ ಒಂದು, ಬಲಗೈಗೆ ಇನ್ನೊಂದು. ಎರಡನ್ನೂ ದೂರ ಸರಿಸಿ ಒಂದು ವಾರ ಟೈಪ್ ಮಾಡಿ. ವಿಂಡೋಸಿನಲ್ಲಿ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಭುಜ, ಮಣಿಕಟ್ಟು ಹಗುರವಾದಂತೆ ಅನಿಸಿದರೆ ಮುಂದುವರಿಯಿರಿ. ಅನಿಸದಿದ್ದರೆ ನಿಮ್ಮ ನೋವಿನ ಮೂಲ ಬೇರೆ ಇರಬಹುದು.

ಮುಂದೆ ಒಂದು ರಟ್ಟಿನ ಮೇಲೆ ಅಂಗೈಯನ್ನು ಸಡಿಲವಾಗಿ ಇಟ್ಟು ಪ್ರತಿ ಬೆರಳ ತುದಿಗೂ ಗುರುತು ಹಾಕಿ. ನಡುಬೆರಳಿನ ಗುರುತು ಎಲ್ಲಕ್ಕಿಂತ ಮುಂದೆ, ಕಿರುಬೆರಳಿನದು ಬಹಳ ಹಿಂದೆ ಇರುವುದು ಕಾಣುತ್ತದೆ. ನಿಮ್ಮ ಕೀಲಿಗಳ ಕಂಬಸಾಲುಗಳು ಅದೇ ರೀತಿ ಮೇಲೆ ಕೆಳಗೆ ಇರಬೇಕು. ಕೀಲಿಯಿಂದ ಕೀಲಿಗೆ ಸುಮಾರು 19 ಮಿಲಿಮೀಟರ್ ಅಂತರ ಸಾಮಾನ್ಯ.

ಜೋಡಿಸುವವರಿಗೆ ಎಚ್ಚರಿಕೆ

ಬೇಕಾಗುವುದು ಸ್ವಿಚ್ಚುಗಳು, ಪ್ರತಿ ಸ್ವಿಚ್ಚಿಗೂ ಹಾಕುವ ಡಯೋಡ್, ಹೋಳಿಗೊಂದು ಪುಟ್ಟ ನಿಯಂತ್ರಕ ಫಲಕ, ತಂತಿ ಮತ್ತು ಕೀಲಿಟೋಪಿಗಳು. ಸ್ವೀಪ್‌ನಂಥ ಕೆಲವು ಮಾದರಿಗಳಿಗೆ ಡಯೋಡ್ ಬೇಕಾಗದು. ಯಾವ ಕೀಲಿಗೆ ಯಾವ ಅಕ್ಷರ ಎಂಬುದನ್ನು ಕ್ಯೂಎಂಕೆ ಎಂಬ ಉಚಿತ ತಂತ್ರಾಂಶದಿಂದ ಬದಲಿಸಿಕೊಳ್ಳಬಹುದು. ಹಗುರವಾಗಿ ಒತ್ತಿದರೆ ಸಾಕಾಗುವ ಸ್ವಿಚ್ಚನ್ನೇ ಕೊಳ್ಳಿ.

ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ಹೊಗೆ ಮುಖಕ್ಕೆ ಬಡಿಯದಿರಲಿ. ಬೆಸುಗೆ ತಂತಿಯಲ್ಲಿ ಸೀಸ ಇರುವುದುಂಟು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಊಟ ತಿಂಡಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಎರಡು ಹೋಳುಗಳ ನಡುವೆ ಆಡಿಯೋ ಜಾಕ್‌ನಂಥ ತಂತಿ ಇದ್ದರೆ, ವಿದ್ಯುತ್ ಇರುವಾಗ ಅದನ್ನು ಕೀಳುವುದು ಸಿಕ್ಕಿಸುವುದು ಮಾಡಬಾರದು. ಫಲಕ ಸುಟ್ಟುಹೋಗಬಹುದು.

ಹೊಸ ಕೀಲಿಮಣೆಯಲ್ಲಿ ಮೊದಲ ಕೆಲವು ವಾರ ವೇಗ ಕುಸಿಯುತ್ತದೆ. ತಿಂಗಳ ಕೊನೆಯ ಲೆಕ್ಕದ ಗಡಿಬಿಡಿಯಲ್ಲಿ ಆರಂಭಿಸದೆ ದಿನಕ್ಕೆ ಅರ್ಧ ಗಂಟೆಯಂತೆ ಅಭ್ಯಾಸ ಮಾಡಿ.

ಕೀಲಿಮಣೆ ಔಷಧವಲ್ಲ

ಕೀಲಿಮಣೆ ಬದಲಿಸಿದರೆ ನರದ ತೊಂದರೆ ವಾಸಿಯಾಗುತ್ತದೆ ಎಂದು ನಂಬಿ ಕೂರಬೇಡಿ. 2012ರಲ್ಲಿ ಕೊಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆ ಅಂಥ ನಂಬಿಕೆಗೆ ಸಾಕಷ್ಟು ಆಧಾರ ಇಲ್ಲವೆಂದೇ ಹೇಳಿತು. ಅದು ಕೈಗೆ ಹಿತ ಕೊಡಬಹುದು, ರೋಗಕ್ಕೆ ಚಿಕಿತ್ಸೆಯಲ್ಲ.

ಈ ಲಕ್ಷಣಗಳಿದ್ದರೆ ವೈದ್ಯರನ್ನು ಕಾಣಿರಿ: ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು, ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಗುರವಾಗುವುದು, ಲೋಟ, ಕೀಲಿಕೈ ಕೈಯಿಂದ ಜಾರುವುದು, ಹೆಬ್ಬೆರಳಿನ ಬುಡದ ಮಾಂಸ ತಗ್ಗುವುದು. ಕೊನೆಯ ಲಕ್ಷಣ ಕಂಡರೆ ತಡ ಮಾಡಲೇಬಾರದು, ಬತ್ತಿದ ಸ್ನಾಯು ಪೂರ್ತಿ ಮರಳದಿರಬಹುದು. ಕಿರುಬೆರಳು ಮಾತ್ರ ಜೋಮು ಹಿಡಿದರೆ ತೊಂದರೆ ಮೊಣಕೈಯ ನರದಲ್ಲಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸಿರು ಇವೂ ಜೋಮಿಗೆ ಕಾರಣವಾಗುತ್ತವೆ. ಆರಂಭದಲ್ಲಿ ರಾತ್ರಿ ಹೊತ್ತು ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಕಟ್ಟಿಕೊಂಡರೆ ಹಲವರಿಗೆ ಸಾಕಾಗುತ್ತದೆ. ಗುಣವಾಗದಿದ್ದರೆ ಚುಚ್ಚುಮದ್ದು ಅಥವಾ ಸಣ್ಣ ಶಸ್ತ್ರಚಿಕಿತ್ಸೆ ಇದೆ.

ಇನ್ನೊಂದು ಮಾತು. ಬಲ ಹಾಕಿ ಮತ್ತೆ ಮತ್ತೆ ಮಾಡುವ ಕೆಲಸದಿಂದ ಈ ನರಕ್ಕೆ ಆಗುವ ತೊಂದರೆ ಟೈಪಿಂಗಿನಿಂದ ಆಗುವುದಕ್ಕಿಂತ ಹೆಚ್ಚು. ಆದ್ದರಿಂದ ವಾರವಿಡೀ ಟೈಪ್ ಮಾಡಿ ಭಾನುವಾರ ತೋಟದಲ್ಲಿ ಕಾಯಿ ಸುಲಿಯುವವರು ವೈದ್ಯರಿಗೆ ಎರಡೂ ಕೆಲಸಗಳನ್ನು ಹೇಳಬೇಕು. ಜೋಮು ಇರುವಷ್ಟು ದಿನ ಸುಲಿಯುವ ಕೆಲಸವನ್ನು ಬೇರೆಯವರಿಗೋ ಯಂತ್ರಕ್ಕೋ ಬಿಡಿ. ಟೈಪ್ ಮಾಡುವಾಗ ಅರ್ಧ ಗಂಟೆಗೊಮ್ಮೆ ಎದ್ದು ಕೈ ಸಡಿಲಿಸಿ. ಕೀಲಿಮಣೆಯ ಹಿಂದಿನ ಕಾಲುಗಳನ್ನು ಮಡಿಸುವುದಕ್ಕಂತೂ ಯಾವ ಖರ್ಚೂ ಇಲ್ಲ, ಅದನ್ನು ಇವತ್ತೇ ಮಾಡಿ.