ಒಲ್ಲೆನೆನ್ನುವ ಯಂತ್ರ

ಮೋಟಾರು ಕಾರನ್ನು ಚಾಲೂ ಮಾಡುವುದು ಒಂದು ಕಾಲಕ್ಕೆ ತೋಳ್ಬಲದ ಕೆಲಸವಾಗಿತ್ತು. ಚಾಲಕನು ಕಾರಿನ ಮುಂದೆ ಬಾಗಿ ನಿಂತು, ಕಬ್ಬಿಣದ ಹ್ಯಾಂಡಲನ್ನು ಸಿಕ್ಕಿಸಿ, ಬಲವಾಗಿ ತಿರುಗಿಸಬೇಕಾಗಿತ್ತು. ಎಂಜಿನ್ ಹಿಮ್ಮುಖವಾಗಿ ಒದೆದರೆ ಆ ಹ್ಯಾಂಡಲು ತಿರುಗಿ ಬಡಿದು ಮುಂಗೈಯ ಮೂಳೆ ಮುರಿಯುವುದೂ ಉಂಟು. ನಮ್ಮ ನಾಡಿನ ಹಳೆಯ ಲಾರಿಗಳ ಮೂತಿಯಲ್ಲಿಯೂ ಇಂಥ ಹ್ಯಾಂಡಲಿಗೆ ರಂಧ್ರವಿರುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಹೇಳಿಯಾರು. ಅಮೆರಿಕದ ಡೇಟನ್ ಪಟ್ಟಣದಲ್ಲಿದ್ದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರನು ಈ ಕಷ್ಟವನ್ನು ನೀಗಿದನು. ಅಂಗಡಿಗಳ ಗಲ್ಲಾಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಜೋಡಿಸಿದ್ದ ಆತನಿಗೆ ಒಂದು ಗುಟ್ಟು ತಿಳಿದಿತ್ತು. ಕ್ಷಣಕಾಲ ಮಾತ್ರ ದುಡಿಯಬೇಕಾದ ಮೋಟಾರು ದೊಡ್ಡದಾಗಿರಬೇಕಾಗಿಲ್ಲ. ಆ ಒಂದು ಕ್ಷಣ ಅದು ಗಾತ್ರಕ್ಕೆ ಮೀರಿದ ಬಲವನ್ನು ಕೊಡಬಲ್ಲದು. ೧೯೧೨ರ ಮಾದರಿಯ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಆತನ ವಿದ್ಯುತ್ ಸ್ಟಾರ್ಟರ್ ಬಂದಿತು. ಹ್ಯಾಂಡಲಿನ ಕೆಲಸವನ್ನು ಕ್ರಮೇಣ ಕೀಲಿಕೈ ವಹಿಸಿಕೊಂಡಿತು.

ಈಗ ಕೀಲಿಕೈಯನ್ನು ತಿರುಗಿಸುವ ಶ್ರಮವೂ ತಪ್ಪಿದೆ. ಕೆನಡಾ ದೇಶದ ವಿನಿಪೆಗ್ ನಗರದಲ್ಲಿ ಜನವರಿಯ ರಾತ್ರಿಗಳಲ್ಲಿ ಶೀತವು ಸೊನ್ನೆಗಿಂತ ೨೦ ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಸಾಮಾನ್ಯ. ಬೆಳಗಾಗುವಷ್ಟರಲ್ಲಿ ಕಾರಿನ ಗಾಜುಗಳ ಮೇಲೆ ಹಿಮ ಹೆಪ್ಪುಗಟ್ಟಿರುತ್ತದೆ. ಎಂಜಿನ್ನಿನ ಎಣ್ಣೆ ಪಾಕದಂತೆ ಮಂದವಾಗಿರುತ್ತದೆ. ಅಲ್ಲಿನ ಜನರು ಮನೆಯೊಳಗೆ ನಿಂತೇ ಅಂಗೈಯಲ್ಲಿ ಹಿಡಿಯುವ ರಿಮೋಟಿನ ಗುಂಡಿಯನ್ನು ಒತ್ತುತ್ತಾರೆ. ರೇಡಿಯೋ ಅಲೆ ಅಂಗಳವನ್ನು ದಾಟಿ ಹೋಗಿ ಎಂಜಿನ್ನನ್ನು ಎಬ್ಬಿಸುತ್ತದೆ. ಕಳ್ಳರು ಬಂದರೆ ಕೂಗಿಕೊಳ್ಳುವ ಎಚ್ಚರಿಕೆ ಗಂಟೆಯೂ ಹಲವೊಮ್ಮೆ ಅದೇ ಸಲಕರಣೆಗೆ ಸೇರಿರುತ್ತದೆ. ಕೂಲಿಯ ಹಣವನ್ನು ಉಳಿಸಲೆಂದು ಅನೇಕರು ಇದನ್ನು ಅಂಗಡಿಯಿಂದ ತಂದು ತಾವೇ ಜೋಡಿಸಿಕೊಳ್ಳುತ್ತಾರೆ. ಬಳಿಕ ಒಂದು ಮುಂಜಾನೆ ಗುಂಡಿ ಒತ್ತಿದರೆ ಕಾರು ಮಿಸುಕುವುದಿಲ್ಲ. ಆಗ ದೋಷವನ್ನು ಹುಡುಕುವ ಬಗೆ ಹೇಗೆ?

ಮೊದಲು ಈ ಯಂತ್ರದ ಸ್ವಭಾವವನ್ನು ತಿಳಿಯಬೇಕು. ಚಾಲಕನ ಮುಂದಿನ ಫಲಕದ ಅಡಿಯಲ್ಲಿ ಅಡಗಿರುವ ಚಿಕ್ಕ ಪೆಟ್ಟಿಗೆಯೊಂದು ಕೀಲಿಕೈಯ ಅನುಕರಣೆ ಮಾಡುತ್ತದೆ. ಕೀಲಿಕೈ ತಿರುಗಿದಾಗ ಯಾವ ತಂತಿಗಳಿಗೆ ಯಾವ ಕ್ರಮದಲ್ಲಿ ವಿದ್ಯುತ್ತು ಹರಿಯುತ್ತದೆಯೋ, ಅದೇ ಕ್ರಮದಲ್ಲಿ ಇದೂ ಹರಿಸುತ್ತದೆ. ಆದರೆ ಕೀಲಿಕೈಯನ್ನು ಹಿಡಿದ ಮನುಷ್ಯನಿಗೆ ಕಣ್ಣುಗಳಿವೆ. ಬಾನೆಟ್ ತೆರೆದಿದೆಯೇ, ಎದುರಿಗೆ ಯಾರಾದರೂ ಇದ್ದಾರೆಯೇ ಎಂದು ಆತ ನೋಡಬಲ್ಲ. ಪೆಟ್ಟಿಗೆ ಕುರುಡು. ಆದುದರಿಂದ ಅದಕ್ಕೆ ಕೆಲವು ತಂತಿಗಳನ್ನು ಕಣ್ಣುಗಳಾಗಿ ಕೊಟ್ಟಿರುತ್ತಾರೆ. ಒಂದು ಬಾನೆಟ್ಟಿಗೆ, ಒಂದು ಬ್ರೇಕಿಗೆ, ಒಂದು ಎಂಜಿನ್ನಿನ ವೇಗವನ್ನು ಅರಿಯುವುದಕ್ಕೆ. ಇವುಗಳಲ್ಲಿ ಯಾವುದೊಂದು ಅಪಾಯವನ್ನು ಸೂಚಿಸಿದರೂ ಪೆಟ್ಟಿಗೆ ಒಲ್ಲೆನೆನ್ನುತ್ತದೆ. ಹೀಗಿರುವಾಗ ಯಂತ್ರ ಕೆಟ್ಟಿದೆಯೋ, ತನ್ನ ಕರ್ತವ್ಯವನ್ನೇ ಮಾಡುತ್ತಿದೆಯೋ ಎಂಬುದು ನಾವು ಕೇಳಬೇಕಾದ ಮೊದಲ ಪ್ರಶ್ನೆ. ಅನೇಕ ಪೆಟ್ಟಿಗೆಗಳು ಇದಕ್ಕೆ ತಾವೇ ಉತ್ತರ ಕೊಡುತ್ತವೆ. ನಿರಾಕರಿಸಿದ ಕಾರಣವನ್ನು ಕಾರಿನ ದೀಪಗಳನ್ನು ಇಂತಿಷ್ಟು ಸಲ ಮಿನುಗಿಸಿ ತಿಳಿಸುತ್ತವೆ. ಎಷ್ಟು ಮಿನುಗಿಗೆ ಏನು ಅರ್ಥವೆಂಬುದು ಜೊತೆಗೆ ಬಂದ ಕೈಪಿಡಿಯಲ್ಲಿರುತ್ತದೆ. ಆ ಕೈಪಿಡಿ ಸಾಮಾನ್ಯವಾಗಿ ಖಾಲಿ ಡಬ್ಬಿಯೊಡನೆ ಕಸಕ್ಕೆ ಹೋಗಿರುತ್ತದೆಂಬುದು ಬೇರೆಯ ಮಾತು.

ಬಾನೆಟ್ಟಿನ ಸ್ವಿಚ್ಚನ್ನೇ ನೋಡೋಣ. ಅದೊಂದು ಸ್ಪ್ರಿಂಗಿನ ಗೂಟ. ಬಾನೆಟ್ ಮುಚ್ಚಿದಾಗ ಒತ್ತಿಕೊಂಡಿರುತ್ತದೆ. ಎತ್ತಿದಾಗ ಮೇಲೆದ್ದು, ತನ್ನ ತಂತಿಯನ್ನು ಕಾರಿನ ಲೋಹದ ಒಡಲಿಗೆ ಸೇರಿಸುತ್ತದೆ. ಶೀತದೇಶಗಳಲ್ಲಿ ರಸ್ತೆಯ ಮೇಲಣ ಹಿಮ ಕರಗಲೆಂದು ಉಪ್ಪನ್ನು ಎರಚುತ್ತಾರೆ. ಆ ಉಪ್ಪುನೀರು ಸಿಡಿದು ಸ್ವಿಚ್ಚಿಗೆ ತುಕ್ಕು ಹಿಡಿದರೆ, ಇಲ್ಲವೇ ಸ್ವಿಚ್ಚನ್ನು ತೀರ ತಗ್ಗಿನಲ್ಲಿ ಕೂರಿಸಿದ್ದರೆ, ಬಾನೆಟ್ ಮುಚ್ಚಿದ್ದರೂ ತೆರೆದಿದೆಯೆಂದೇ ಪೆಟ್ಟಿಗೆ ತಿಳಿಯುತ್ತದೆ. ಇಲ್ಲಿ ತಾಳ್ಮೆಗೆಟ್ಟವನು ಆ ತಂತಿಯನ್ನು ಕತ್ತರಿಸಿಬಿಡುತ್ತಾನೆ. ಎಂಜಿನ್ನೇನೋ ಚಾಲೂ ಆಗುತ್ತದೆ. ಮುಂದೊಂದು ದಿನ ಬಾನೆಟ್ ಎತ್ತಿ ಫ್ಯಾನಿನ ಬೆಲ್ಟಿನ ಬಳಿ ಯಾರೋ ಕೈಯಿಟ್ಟಿರುವಾಗ, ಮನೆಯ ಮಗುವೊಂದು ಆಟಕ್ಕೆಂದು ಗುಂಡಿ ಒತ್ತಿದರೂ ಅದು ಅಷ್ಟೇ ವಿಧೇಯತೆಯಿಂದ ಚಾಲೂ ಆಗುತ್ತದೆ! ತುಕ್ಕನ್ನು ಉಜ್ಜಿ ತೆಗೆಯುವುದು, ಬೇಕಾದರೆ ಹೊಸ ಸ್ವಿಚ್ಚನ್ನು ಹಾಕುವುದು ಕೆಲವೇ ನಿಮಿಷಗಳ ಕೆಲಸ.

ಎಂಜಿನ್ ಚಾಲೂ ಆಗಿ ಮರುಗಳಿಗೆಯೇ ನಿಂತುಹೋಗುವುದು ಇನ್ನೊಂದು ಬಗೆಯ ತೊಂದರೆ. ಇಂದಿನ ಕೀಲಿಕೈಗಳ ತಲೆಯಲ್ಲಿ ಸಣ್ಣ ಚಿಪ್ ಒಂದಿದ್ದು, ಅದರ ಗುರುತು ಸಿಕ್ಕದೆ ಎಂಜಿನ್ ಓಡುವುದಿಲ್ಲ. ಕೆನಡಾದಲ್ಲಿ ೨೦೦೭ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಈ ಕಾವಲು ಕಡ್ಡಾಯವಾಯಿತು. ಕೀಲಿಕೈ ಮನೆಯಲ್ಲಿರುವಾಗ ಈ ಗುರುತನ್ನು ಒದಗಿಸಲು ಪ್ರತ್ಯೇಕ ಉಪಕರಣ ಬೇಕು. ಅದನ್ನು ಜೋಡಿಸದಿದ್ದರೆ ಕಾರು ಪೆಟ್ಟಿಗೆಯನ್ನೇ ಕಳ್ಳನೆಂದು ಎಣಿಸುತ್ತದೆ. ಎಂಜಿನ್ನಿನ ವೇಗವನ್ನು ಪೆಟ್ಟಿಗೆಗೆ ಒಮ್ಮೆ ಕಲಿಸಿಕೊಡದಿದ್ದರೂ ಹೀಗೆಯೇ; ಎಂಜಿನ್ ಓಡುತ್ತಿದೆಯೆಂದು ತಿಳಿಯದೆ ಅದು ವಿದ್ಯುತ್ತನ್ನು ಕಡಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ದಣಿಸುವುದು ಒಮ್ಮೆ ಕೆಲಸ ಮಾಡಿ ಒಮ್ಮೆ ಕೈಕೊಡುವ ದೋಷ. ಇಂಥಲ್ಲಿ ಪೆಟ್ಟಿಗೆಯನ್ನು ಬದಲಿಸಿ ಹಣ ಕಳೆಯುವವರೇ ಹೆಚ್ಚು. ಆದರೆ ಕಾರ್ಖಾನೆಯಲ್ಲಿ ಪರೀಕ್ಷೆಯಾಗಿ ಬಂದ ಪೆಟ್ಟಿಗೆಗಿಂತ ನಮ್ಮ ಕೈಯಾರೆ ತಿರುಚಿದ ಬೆಸುಗೆಯಿಲ್ಲದ ಗಂಟುಗಳನ್ನು ಮೊದಲು ಶಂಕಿಸುವುದು ನ್ಯಾಯ. ಅದರಲ್ಲಿಯೂ ಅರ್ತಿಂಗ್ ತಂತಿ ಮುಖ್ಯವಾದುದು. ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ ಅದರ ಲೋಹದ ಒಡಲೇ. ಬಣ್ಣ ಬಳಿದ ತಗಡಿಗೆ ತಂತಿಯನ್ನು ತಿರುಪಿನಿಂದ ಬಿಗಿದರೆ ಆ ಬಣ್ಣವೇ ದಾರಿಗೆ ಅಡ್ಡವಾಗುತ್ತದೆ. ಮಲ್ಟಿಮೀಟರಿನಲ್ಲಿ ಅಳೆದರೆ ೧೨.೬ ವೋಲ್ಟ್ ಕಾಣಿಸಿ ಎಲ್ಲವೂ ಸರಿಯಾಗಿದೆಯೆಂಬ ಭ್ರಮೆ ಹುಟ್ಟಬಹುದು. ನಿಮ್ಮ ಮನೆಯ ನಲ್ಲಿಯನ್ನು ನೆನೆಯಿರಿ. ಕೊಳವೆಯಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವಷ್ಟು ಹೊತ್ತು ಅದರ ಹಿಂದೆ ನೀರಿನ ಒತ್ತಡ ಪೂರ್ತಿಯಾಗಿಯೇ ಇರುತ್ತದೆ. ತಿರುಗಿಸಿದಾಗಲೇ ಧಾರೆ ಸಣ್ಣದೆಂದು ತಿಳಿಯುವುದು. ಹಾಗೆಯೇ ಪೆಟ್ಟಿಗೆಯು ಕೆಲಸಕ್ಕೆ ತೊಡಗಿದ ಗಳಿಗೆಯಲ್ಲಿ, ಅದರ ಅರ್ತಿಂಗ್ ತಂತಿಗೂ ಬ್ಯಾಟರಿಯ ಋಣ ಧ್ರುವಕ್ಕೂ ನಡುವೆ ಅಳೆಯಬೇಕು. ಅಂಕಿ ಸೊನ್ನೆಯ ಹತ್ತಿರವಿರಬೇಕು. ಅರ್ಧ ವೋಲ್ಟಿಗೆ ಏರಿದರೆ ದೋಷವು ಅಲ್ಲಿಯೇ ಇದೆ. ಬಣ್ಣವನ್ನು ಕೆರೆದು ಹೊಳೆಯುವ ಲೋಹಕ್ಕೆ ತಂತಿಯನ್ನು ಬಿಗಿದರೆ ಸಾಕು. ಹೀಗೆ ತಂತಿಗಳನ್ನು ಹುಡುಕುವಾಗ ಹಳದಿ ಹೊದಿಕೆಯವನ್ನು ಮಾತ್ರ ಮುಟ್ಟಬಾರದು; ಅವು ಅಪಘಾತದಲ್ಲಿ ಸಿಡಿದು ಉಬ್ಬುವ ಗಾಳಿಚೀಲದ ತಂತಿಗಳು.

ನಡುರಾತ್ರಿ ಕಾರಣವಿಲ್ಲದೆ ಕೂಗುವ ಗಂಟೆಯ ವಿಷಯ ಇಷ್ಟು ಜಟಿಲವಲ್ಲ. ಅದುರನ್ನು ಅರಿಯುವ ಅಂಗವನ್ನು ಅತಿ ಸೂಕ್ಷ್ಮಕ್ಕೆ ತಿರುಗಿಸಿಟ್ಟಿದ್ದರೆ ಹಾದುಹೋಗುವ ಲಾರಿಯೂ ಅದಕ್ಕೆ ಕಳ್ಳನೇ. ತಿರುಪನ್ನು ತುಸು ಹಿಂದಕ್ಕೆ ತಿರುಗಿಸಿದರೆ ನೆರೆಹೊರೆಯವರು ನಿದ್ರಿಸಿಯಾರು.

ಎಲ್ಲವೂ ಸರಿಹೋದ ಮೇಲೆ ಕಾರನ್ನು ಬಯಲಿಗೆ ತರಬೇಕು. ಎಂಜಿನ್ನಿನ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಮಿಗಿಲಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಮುಚ್ಚಿದ ಕೊಟ್ಟಿಗೆಯಲ್ಲಿ ಗುಂಡಿ ಒತ್ತಿದರೆ ಆ ಅನಿಲವು ಮನೆಯೊಳಗೂ ನುಸುಳಿ ಮಲಗಿದವರನ್ನು ಕೊಲ್ಲಬಲ್ಲದು. ಬಯಲಿನಲ್ಲಿ ಕೈಬ್ರೇಕು ಹಾಕಿ, ಗೇರು ತಟಸ್ಥವಾಗಿದೆಯೆಂದು ನೋಡಿಕೊಂಡು, ಮುಂದೆ ಯಾರೂ ಇಲ್ಲದಾಗ ಎಂಜಿನ್ನನ್ನು ರಿಮೋಟಿನಿಂದ ಎಬ್ಬಿಸಬೇಕು. ಈಗ ಬ್ರೇಕನ್ನು ತುಳಿದರೆ ಅದು ನಿಲ್ಲಬೇಕು. ಮತ್ತೆ ಎಬ್ಬಿಸಿ, ಬಾನೆಟ್ಟನ್ನು ಎತ್ತಿದರೆ ಕೂಡಲೇ ನಿಲ್ಲಬೇಕು. ನಿಲ್ಲದಿದ್ದರೆ ಬಾನೆಟ್ಟಿನ ತಂತಿಯನ್ನು ಹಿಡಿದು ಮತ್ತೆ ಮೊದಲಿನಿಂದ ಹುಡುಕಬೇಕು.