ಆಜ್ಞೆ ಕೊಡುವವರಿಗೂ ನಿಯಮವಿದೆ

ಜೂನ್‌ನಲ್ಲಿ ಶಾಲೆಗಳು ಶುರುವಾಗಿ ಎಂಟನೇ ತರಗತಿಯ ಮಕ್ಕಳಿಂದ ಎನ್‌ಸಿಸಿಗೆ ಹೆಸರು ಬರೆಸಿಕೊಳ್ಳುವ ಹೊತ್ತಿಗೆ ತಂದೆ ತಾಯಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮುಂದೆ ಸೀಟು ಸಿಗಲು ಇದರಿಂದ ಅನುಕೂಲವಿದೆಯೇ? ಓದಿಗೆ ತೊಂದರೆಯಾಗುವುದಿಲ್ಲವೇ? ಹುಡುಗ ಇನ್ನಾದರೂ ಹೇಳಿದ ಮಾತು ಕೇಳುತ್ತಾನೆಯೇ? ಮೂರನೆಯ ಪ್ರಶ್ನೆಯ ಹಿಂದೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದ ಒಂದು ನಂಬಿಕೆ ಇದೆ. ಶಿಸ್ತು ಎಂದರೆ ಮರುಮಾತಿಲ್ಲದೆ ಹೇಳಿದ್ದನ್ನು ಮಾಡುವುದು, ನಿಯಮ ಎಂದರೆ ದೊಡ್ಡವರು ಮಕ್ಕಳನ್ನು ಅಂಕೆಯಲ್ಲಿಡಲು ಇಟ್ಟುಕೊಂಡ ಸಾಧನ ಎಂಬ ನಂಬಿಕೆ ಅದು. ಎನ್‌ಸಿಸಿಯ ಕಾನೂನನ್ನೂ ಚರಿತ್ರೆಯನ್ನೂ ದಿನನಿತ್ಯದ ಕಟ್ಟಳೆಗಳನ್ನೂ ಬಿಡಿಸಿ ನೋಡಿದರೆ ಕಾಣುವುದು ಬೇರೆ. ಅಲ್ಲಿನ ನಿಯಮಗಳು ಕೆಡೆಟ್‌ಗಳನ್ನು ಎಷ್ಟು ಕಟ್ಟುತ್ತವೆಯೋ ಅವರಿಗೆ ಆಜ್ಞೆ ಕೊಡುವವರನ್ನು ಅದಕ್ಕಿಂತ ಬಿಗಿಯಾಗಿ ಕಟ್ಟುತ್ತವೆ. ಈ ಎರಡನೆಯ ಮಾತನ್ನು ಮರೆತ ಕಡೆ ಶಿಸ್ತಿನ ಹೆಸರಿನಲ್ಲಿ ಅನ್ಯಾಯ ನಡೆದಿದೆ. ನೆನಪಿಟ್ಟ ಕಡೆ ಹದಿಮೂರು ವರ್ಷದ ಮಗುವಿಗೆ ತರಗತಿಯಲ್ಲಿ ಸಿಗದ ಪಾಠ ಸಿಕ್ಕಿದೆ.

ಮೊದಲು ಕಾನೂನನ್ನೇ ನೋಡೋಣ. ಹೃದಯನಾಥ ಕುಂಜ್ರು ಅವರ ನೇತೃತ್ವದಲ್ಲಿ 1946ರಲ್ಲಿ ನೇಮಕವಾದ ಸಮಿತಿಯ ಶಿಫಾರಸಿನ ಮೇಲೆ 1948ರಲ್ಲಿ ನ್ಯಾಷನಲ್ ಕೆಡೆಟ್ ಕೋರ್ ಕಾಯ್ದೆ ಬಂತು. ಅದೇ ವರ್ಷದ ಜುಲೈ ತಿಂಗಳಲ್ಲಿ ಎನ್‌ಸಿಸಿ ಆರಂಭವಾಯಿತು, ಮರುವರ್ಷ ಹುಡುಗಿಯರ ವಿಭಾಗವೂ ಸೇರಿತು. ಈ ಪುಟ್ಟ ಕಾಯ್ದೆಯಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು. ಶಾಲೆಯ ವಿದ್ಯಾರ್ಥಿ ತಾನಾಗಿ ಮುಂದೆ ಬಂದರೆ ಮಾತ್ರ ಸೇರ್ಪಡೆ. ಯಾರನ್ನೂ ಸೇರಲೇಬೇಕೆಂದು ಒತ್ತಾಯಿಸುವ ಅಧಿಕಾರ ಅದರಲ್ಲಿಲ್ಲ. ಹಾಗೆ ಸೇರಿದವರಿಗೆ ಸೇನೆಯಲ್ಲಿ ಸಕ್ರಿಯ ಸೇವೆ ಸಲ್ಲಿಸುವ ಹೊಣೆ ಬರುವುದಿಲ್ಲ. ಇನ್ನು ನಿಯಮ ಮುರಿದವರಿಗೆ ಕಾಯ್ದೆ ಹೇಳುವ ಶಿಕ್ಷೆ ಎಂದರೆ 50 ರೂಪಾಯಿ ಮೀರದ ದಂಡ. ದೇಶ ಆಗತಾನೇ ಸ್ವತಂತ್ರವಾಗಿ, ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ರಚನೆಯಾದ ಕಾನೂನು ಇದು. ಅಂಥ ಹೊತ್ತಿನಲ್ಲೂ ಮಕ್ಕಳ ಮೇಲೆ ಕಠಿಣ ಶಿಕ್ಷೆಯ ಅಧಿಕಾರವನ್ನು ಅದು ಯಾರ ಕೈಗೂ ಕೊಡಲಿಲ್ಲ. ಮನಸ್ಸಿಟ್ಟು ಬಂದವರಿಗೇ ಶಿಸ್ತು ಹತ್ತುತ್ತದೆ ಎಂಬ ತಿಳಿವಳಿಕೆ ಈ ಸಂಸ್ಥೆಯ ಬುಡದಲ್ಲೇ ಇದೆ.

ಈ ತಿಳಿವಳಿಕೆಯನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ಉತ್ತರವಿದೆ. 1962ರ ಚೀನಾ ಯುದ್ಧದ ಆಘಾತದಲ್ಲಿ, ಮರುವರ್ಷವೇ ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿ ಕಡ್ಡಾಯವಾಯಿತು. ಆ ಕಡ್ಡಾಯ ಹೆಚ್ಚು ಕಾಲ ಬಾಳಲಿಲ್ಲ. 1968ರಲ್ಲಿ ಎನ್‌ಸಿಸಿ ಮತ್ತೆ ಸ್ವಇಚ್ಛೆಯ ಚಟುವಟಿಕೆಯಾಯಿತು. ಸಮಾಜಸೇವೆಯ ಕಡೆ ಒಲವಿದ್ದವರಿಗೆ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಎಂಬ ಬೇರೆ ದಾರಿಯೂ ತೆರೆಯಿತು. ಇಂದು ಕಡ್ಡಾಯವಿಲ್ಲದೆಯೇ ದೇಶದಲ್ಲಿ ಸುಮಾರು 17 ಲಕ್ಷ ಕೆಡೆಟ್‌ಗಳಿದ್ದಾರೆ, ಸಂಖ್ಯೆಯನ್ನು 20 ಲಕ್ಷಕ್ಕೆ ಏರಿಸಲು ಒಪ್ಪಿಗೆಯೂ ಸಿಕ್ಕಿದೆ. ಯುದ್ಧದ ಬಿಸಿಯಲ್ಲಿ ಹೇರಿದ ಕಡ್ಡಾಯ ಐದು ವರ್ಷಕ್ಕೆ ಮುಗಿಯಿತು, ಇಷ್ಟಪಟ್ಟು ಸೇರುವ ಪದ್ಧತಿ ಮುಕ್ಕಾಲು ಶತಮಾನ ದಾಟಿ ನಿಂತಿದೆ.

ಪ್ರೌಢಶಾಲೆಯ ಕೆಡೆಟ್‌ಗಳಿಂದ ಎನ್‌ಸಿಸಿ ನಿರೀಕ್ಷಿಸುವುದೇನು? ಹುಡುಗರ ಜೂನಿಯರ್ ಡಿವಿಷನ್, ಹುಡುಗಿಯರ ಜೂನಿಯರ್ ವಿಂಗ್ ಎರಡರಲ್ಲೂ ತರಬೇತಿ ಎರಡು ವರ್ಷದ್ದು. ಕರ್ನಾಟಕದ ಶಾಲೆಗಳಲ್ಲಿ ಸಾಮಾನ್ಯವಾಗಿ ಎಂಟು ಮತ್ತು ಒಂಬತ್ತನೇ ತರಗತಿಯಲ್ಲಿ ನಡೆಯುತ್ತದೆ. ಸೇರುವಾಗ ಮಗುವಿನ ಆರೋಗ್ಯ ಚೆನ್ನಾಗಿರಬೇಕು, ಅರ್ಜಿಗೆ ಪೋಷಕರ ಸಹಿ ಬೇಕು. ಎರಡೂ ವರ್ಷ ಪರೇಡ್‌ಗಳಲ್ಲಿ ಶೇ. 75 ಹಾಜರಿ ಇರಬೇಕು, ವಾರ್ಷಿಕ ತರಬೇತಿ ಶಿಬಿರವೊಂದರಲ್ಲಿ ಭಾಗವಹಿಸಿರಬೇಕು. ಆಗಷ್ಟೇ 'ಎ' ಸರ್ಟಿಫಿಕೇಟ್ ಪರೀಕ್ಷೆಗೆ ಕೂರಬಹುದು. ಸುಮಾರು ಹತ್ತು ದಿನದ ಆ ಶಿಬಿರದಲ್ಲಿ ಬೆಳಗಿನ ಓಟದಿಂದ ರಾತ್ರಿ ದೀಪ ಆರಿಸುವವರೆಗೆ ಎಲ್ಲಕ್ಕೂ ಹೊತ್ತು ಗೊತ್ತಾಗಿರುತ್ತದೆ. ಹಾಸಿಗೆ ಮಡಿಸುವುದು, ಊಟದ ಸಾಲು, ತಟ್ಟೆ ತೊಳೆಯುವುದು, ಮಲಗುವ ಜಾಗದ ಕಸ ಗುಡಿಸುವುದು ಎಲ್ಲವೂ ಸ್ವಂತ ಕೆಲಸ. ಖಾಕಿ ಸಮವಸ್ತ್ರಕ್ಕೆ ಇಸ್ತ್ರಿ ಇರಬೇಕು, ಬೂಟಿಗೆ ಪಾಲಿಶ್ ಇರಬೇಕು, ಬೆರೆ ಟೋಪಿ ಸರಿಯಾದ ಓರೆಯಲ್ಲಿ ಕೂರಬೇಕು. ಹುಡುಗರು ಕೂದಲನ್ನು ಚಿಕ್ಕದಾಗಿ ಕತ್ತರಿಸಿಕೊಂಡಿರಬೇಕು, ಹುಡುಗಿಯರು ಒಪ್ಪವಾಗಿ ಗಂಟು ಕಟ್ಟಿರಬೇಕು. ಒಡವೆಗೆ ಪರೇಡ್ ಮೈದಾನದಲ್ಲಿ ಜಾಗವಿಲ್ಲ. ಬಡವರ ಮನೆಯ ಮಗುವಿಗೂ ಸ್ಥಿತಿವಂತರ ಮನೆಯ ಮಗುವಿಗೂ ಮೈಮೇಲಿನ ಬಟ್ಟೆಯಲ್ಲಿ ವ್ಯತ್ಯಾಸ ಕಾಣದಂತೆ ಮಾಡುವ ಈ ಕಟ್ಟಳೆಯ ಬೆಲೆ ನಮ್ಮಂಥ ಸಮಾಜದಲ್ಲಿ ಸಣ್ಣದಲ್ಲ.

ಕವಾಯತು ಹೊರಗಿನಿಂದ ನೋಡುವವರಿಗೆ ಬರೀ ಕೈಕಾಲು ಆಡಿಸುವ ಕೆಲಸದಂತೆ ಕಾಣುತ್ತದೆ. ಸಾಲಿನಲ್ಲಿ ನಿಂತ ಕೆಡೆಟ್ ಕಲಿಯುವುದು ಮಾತ್ರ ಪಕ್ಕದವರ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸುವುದನ್ನು. ಒಬ್ಬರು ಅರೆಕ್ಷಣ ತಡ ಮಾಡಿದರೆ ಇಡೀ ಸಾಲು ಕೆಡುತ್ತದೆ. ಹಾಗಾಗಿ ಹೊತ್ತಿಗೆ ಸರಿಯಾಗಿ ಬರುವುದು ಬೇರೆಯವರ ಶ್ರಮಕ್ಕೆ ಕೊಡುವ ಮರ್ಯಾದೆಯಾಗುತ್ತದೆ. .22 ರೈಫಲ್ ತರಬೇತಿಯಲ್ಲಂತೂ ನಿಯಮದ ಅರ್ಥ ಇನ್ನೂ ಸ್ಪಷ್ಟ. ಗುಂಡು ಹಾರಿಸುವ ಮೊದಲು ಮಕ್ಕಳು ಕಲಿಯುವುದು ಬಂದೂಕು ಖಾಲಿಯಿದೆಯೇ ಎಂದು ಪರೀಕ್ಷಿಸುವುದನ್ನು, ಖಾಲಿಯಿದ್ದರೂ ಅದನ್ನು ಯಾರತ್ತಲೂ ತಿರುಗಿಸಬಾರದು ಎಂಬುದನ್ನು. ಫೈರಿಂಗ್ ರೇಂಜಿನಲ್ಲಿ ಆಜ್ಞೆಯಾಗುವವರೆಗೆ ಬೆರಳು ಟ್ರಿಗರ್ ಮುಟ್ಟುವಂತಿಲ್ಲ. ಅಧಿಕಾರ ಕೈಗೆ ಬರುವ ಮೊದಲೇ ಅದನ್ನು ತಡೆದಿಟ್ಟುಕೊಳ್ಳುವ ಅಭ್ಯಾಸ ಕೈಗೆ ಬರಬೇಕು ಎಂಬ ಪಾಠ ಇದು. ದರ್ಜೆಗಳ ವಿಷಯದಲ್ಲೂ ಹೀಗೆಯೇ. ಇವತ್ತು ಸಾಲಿನಲ್ಲಿ ಹಿಂದೆ ನಿಂತ ಕೆಡೆಟ್ ನಾಳೆ ಲಾನ್ಸ್ ಕಾರ್ಪೊರಲ್, ಕಾರ್ಪೊರಲ್, ಸಾರ್ಜೆಂಟ್ ಆಗಿ ಎದುರು ನಿಲ್ಲಬಹುದು. ಆಜ್ಞೆ ಪಾಲಿಸುವುದನ್ನೂ ಕೊಡುವುದನ್ನೂ ಎರಡೇ ವರ್ಷದೊಳಗೆ ಅನುಭವಿಸುವ ಅವಕಾಶ ಶಾಲೆಯ ಬೇರೆ ಯಾವ ಚಟುವಟಿಕೆಯಲ್ಲೂ ಇಷ್ಟು ವ್ಯವಸ್ಥಿತವಾಗಿಲ್ಲ.

ಇನ್ನು ಆಜ್ಞೆ ಕೊಡುವವರ ಕಡೆಯ ನಿಯಮಗಳು. ಶಾಲೆಯ ತುಕಡಿಯನ್ನು ನಡೆಸುವುದು ಅದೇ ಶಾಲೆಯ ಶಿಕ್ಷಕರು. ಅವರು ನಾಗಪುರದ ಬಳಿಯ ಕಾಮ್ಟಿಯಲ್ಲೋ ಗ್ವಾಲಿಯರ್‌ನಲ್ಲೋ ತರಬೇತಿ ಮುಗಿಸಿ ಥರ್ಡ್ ಆಫೀಸರ್ ಎಂಬ ದರ್ಜೆಯಿಂದ ಆರಂಭಿಸುತ್ತಾರೆ. ಸೇನೆಯಿಂದ ಬಂದ ಬೋಧಕರು ಕವಾಯತನ್ನೂ ಶಸ್ತ್ರಾಭ್ಯಾಸವನ್ನೂ ಕಲಿಸುತ್ತಾರೆ. ಹುಡುಗಿಯರ ತರಬೇತಿಗೆ, ಶಿಬಿರಕ್ಕೆ ಮಹಿಳಾ ಅಧಿಕಾರಿಗಳೂ ಗರ್ಲ್ ಕೆಡೆಟ್ ಇನ್‌ಸ್ಟ್ರಕ್ಟರ್‌ಗಳೂ ಇರುತ್ತಾರೆ. ಇವರೆಲ್ಲರ ಮೇಲೆ ಬೆಟಾಲಿಯನ್, ಅದರ ಮೇಲೆ ಗ್ರೂಪ್ ಕೇಂದ್ರ, ನಮ್ಮಲ್ಲಾದರೆ ಅದರ ಮೇಲೆ ಬೆಂಗಳೂರಿನ ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯ. ಸಮವಸ್ತ್ರದ ಭತ್ಯೆಯನ್ನು ನೇರವಾಗಿ ಕೆಡೆಟ್‌ಗಳ ಬ್ಯಾಂಕ್ ಖಾತೆಗೆ ಹಾಕುವ ಪದ್ಧತಿಯನ್ನು ಈಚೆಗೆ ತಂದದ್ದೂ ಇದೇ ದಿಕ್ಕಿನ ಹೆಜ್ಜೆ: ಮಗುವಿಗೆ ಸೇರಬೇಕಾದದ್ದು ನಡುವೆ ಯಾರ ಕೈಯಲ್ಲೂ ನಿಲ್ಲಬಾರದು. 2020ರ ಏಪ್ರಿಲ್‌ನಲ್ಲಿ ಕೊರೊನಾ ಕೆಲಸಕ್ಕೆ ಕೆಡೆಟ್‌ಗಳನ್ನು ಕರೆದಾಗ ರಕ್ಷಣಾ ಸಚಿವಾಲಯ ಹಾಕಿದ ಷರತ್ತುಗಳು ಇನ್ನೂ ಒಳ್ಳೆಯ ಉದಾಹರಣೆ. 18 ವರ್ಷ ದಾಟಿದ ಸೀನಿಯರ್ ಕೆಡೆಟ್‌ಗಳು ಮಾತ್ರ, ಅವರೂ ತಾವಾಗಿ ಒಪ್ಪಿದರೆ ಮಾತ್ರ, ಅಧಿಕಾರಿಯ ಉಸ್ತುವಾರಿಯಲ್ಲಿ ಸಣ್ಣ ಗುಂಪುಗಳಾಗಿ ಮಾತ್ರ. ಕಾನೂನು ಸುವ್ಯವಸ್ಥೆ ಕಾಯುವ ಕೆಲಸಕ್ಕಾಗಲಿ ಸೋಂಕು ಹೆಚ್ಚಿದ ಜಾಗಕ್ಕಾಗಲಿ ಅವರನ್ನು ಕಳಿಸುವಂತಿರಲಿಲ್ಲ. ದೇಶ ಕಂಗಾಲಾಗಿದ್ದಾಗಲೂ ಪ್ರೌಢಶಾಲೆಯ ಕೆಡೆಟ್‌ಗಳನ್ನು ಆ ಕೆಲಸದಿಂದ ದೂರವಿಡಲಾಯಿತು.

ಈ ನಿಯಮಗಳನ್ನು ಮುರಿದಾಗ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. 2023ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಠಾಣೆಯ ಕಾಲೇಜೊಂದರಲ್ಲಿ ಸೀನಿಯರ್ ಒಬ್ಬ ಮಳೆ ನೀರಿನಲ್ಲಿ ಕಿರಿಯರನ್ನು ಬಗ್ಗಿಸಿ ಕೋಲಿನಿಂದ ಬಾರಿಸುತ್ತಿದ್ದ ವಿಡಿಯೊ ದೇಶವನ್ನೇ ಕಂಗೆಡಿಸಿತು. ಸಮರ್ಥಿಸುವವರು ಇದನ್ನು ಸೈನಿಕ ಶಿಸ್ತು ಎನ್ನಬಹುದು. ಆದರೆ ಎನ್‌ಸಿಸಿಯ ತರಬೇತಿಯಲ್ಲಿ ಹೊಡೆತಕ್ಕೆ ಜಾಗವೇ ಇಲ್ಲ. 2024ರಲ್ಲಿ ನಮ್ಮ ಗಡಿಗೆ ಹೊಂದಿಕೊಂಡ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ನಡೆದದ್ದು ಇನ್ನೂ ಘೋರ. ಎನ್‌ಸಿಸಿ ಶಿಬಿರ ಎಂದು ಹೇಳಿಕೊಂಡು ನಡೆಸಿದ್ದು ನಕಲಿ ಶಿಬಿರ. ಅಲ್ಲಿ ವಿದ್ಯಾರ್ಥಿನಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು. ನಡೆಸಿದವರಿಗೂ ಎನ್‌ಸಿಸಿಗೂ ಸಂಬಂಧವೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಖಾಕಿ ಬಟ್ಟೆಗೆ, ಗಟ್ಟಿ ದನಿಗೆ, ಶಿಬಿರ ಎಂಬ ಹೆಸರಿಗೆ ಪೋಷಕರೂ ಶಾಲೆಯೂ ಪ್ರಶ್ನೆಯಿಲ್ಲದೆ ತಲೆಬಾಗಿದರೆ ಮಕ್ಕಳು ಎಂಥ ಅಪಾಯಕ್ಕೆ ಸಿಲುಕಬಹುದು ಎಂಬುದನ್ನು ಆ ಪ್ರಕರಣ ಹೇಳಿತು. ಶಿಬಿರ ಯಾವ ಬೆಟಾಲಿಯನ್ನಿನದು, ಆದೇಶ ಎಲ್ಲಿದೆ, ಜೊತೆಗೆ ಹೋಗುವ ಮಹಿಳಾ ಅಧಿಕಾರಿ ಯಾರು ಎಂದು ಕೇಳುವುದು ಶಿಸ್ತಿಗೆ ಅಡ್ಡಿಯಲ್ಲ, ಪೋಷಕರ ಕರ್ತವ್ಯ.

ಇಷ್ಟಾದ ಮೇಲೂ ಕೆಲವು ಆಕ್ಷೇಪಗಳು ಉಳಿಯುತ್ತವೆ, ಅವುಗಳಿಗೆ ಉತ್ತರ ಹೇಳಲೇಬೇಕು. ಹದಿಮೂರರ ಮಕ್ಕಳ ಕೈಗೆ ಬಂದೂಕು ಕೊಟ್ಟು ಯುದ್ಧದ ಮನಸ್ಸನ್ನು ಬಿತ್ತುತ್ತಿದ್ದೇವೆ ಎಂಬುದು ಗಂಭೀರವಾದ ಆತಂಕ. ಮಕ್ಕಳನ್ನು ಸೈನ್ಯಕ್ಕೆ ಎಳೆಯುವ ದೇಶಗಳ ಚರಿತ್ರೆ ಬಲ್ಲ ಯಾರೂ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಸೇನಾ ಸೇವೆಯ ಹೊಣೆ ಇಲ್ಲ ಎಂದು ಕಾಯ್ದೆಯೇ ಹೇಳಿದೆ. 1965 ಮತ್ತು 1971ರ ಯುದ್ಧಗಳಲ್ಲಿ ಕೆಡೆಟ್‌ಗಳು ನಾಗರಿಕ ರಕ್ಷಣೆಯಂಥ ಹಿಂದಿನ ಸಾಲಿನ ಕೆಲಸ ಮಾಡಿದ್ದು ನಿಜ. ಅದಾದ ಮೇಲೆ ಪಠ್ಯಕ್ರಮ ಬದಲಾಗಿ ನಾಯಕತ್ವ, ವ್ಯಕ್ತಿತ್ವ, ಸಮಾಜಸೇವೆಯ ಕಡೆಗೆ ಒತ್ತು ಸರಿಯಿತು. ಇಂದಿನ ಜೂನಿಯರ್ ಕೆಡೆಟ್ ನಕಾಶೆ ಓದುವುದನ್ನೂ ಪ್ರಥಮ ಚಿಕಿತ್ಸೆಯನ್ನೂ ವಿಪತ್ತು ನಿರ್ವಹಣೆಯನ್ನೂ ರೈಫಲ್ ಜೊತೆಗೇ ಕಲಿಯುತ್ತಾರೆ. ಆದರೂ ಈ ಆತಂಕ ಎಚ್ಚರಿಕೆಯಾಗಿ ಉಳಿಯಲಿ. ಎದುರಾಳಿಯನ್ನು ದ್ವೇಷಿಸಲು ಕಲಿಸುವ ಬೋಧಕ ನಿಯಮಪುಸ್ತಕದ ಹೊರಗೆ ನಿಂತಿರುತ್ತಾನೆ, ಅವನನ್ನು ತಡೆಯುವುದು ಶಾಲೆಯ ಹೊಣೆ.

ಓದು ಕೆಡುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ. ಎಂಟು ಮತ್ತು ಒಂಬತ್ತರಲ್ಲಿ ತರಬೇತಿ ಮುಗಿದರೆ ಎಸ್ಸೆಸ್ಸೆಲ್ಸಿಯ ವರ್ಷ ಮಗುವಿಗೆ ಪೂರ್ತಿ ಸಿಗುತ್ತದೆ. ಸರ್ಟಿಫಿಕೇಟ್ ಆಸೆಗೆ ಮಾತ್ರ ಸೇರುತ್ತಾರೆ ಎಂಬ ದೂರಿನಲ್ಲಿ ಸತ್ಯಾಂಶವಿದೆ. ಸಿಇಟಿಯಲ್ಲಿ ಎನ್‌ಸಿಸಿ ವಿಭಾಗಕ್ಕೆ ಸೀಟುಗಳಿರುವುದು ಎಲ್ಲರಿಗೂ ಗೊತ್ತು. ಆದರೆ ಆಸೆಯಿಂದ ಬಂದ ಮಗುವೂ ಶೇ. 75ರ ಹಾಜರಿ ಹಾಕಲೇಬೇಕು, ಶಿಬಿರದಲ್ಲಿ ತಟ್ಟೆ ತೊಳೆಯಲೇಬೇಕು. ಒಳ್ಳೆಯ ಅಭ್ಯಾಸಕ್ಕೆ ಪ್ರವೇಶದ್ವಾರ ಯಾವುದಾದರೇನು, ಒಳಗೆ ಬಂದ ಮೇಲೆ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿಸಿದರೆ ಸಾಕು. ಹಾಜರಿ ಪುಸ್ತಕದಲ್ಲಿ ಇಲ್ಲದ ಪರೇಡನ್ನು ಬರೆದುಕೊಡುವ ಶಾಲೆ ಮಾತ್ರ ಈ ವ್ಯವಸ್ಥೆಯನ್ನು ನಿಜವಾಗಿ ಕೆಡಿಸುತ್ತದೆ, ಏಕೆಂದರೆ ಅದು ಮಗುವಿಗೆ ಸುಳ್ಳನ್ನು ಸಮವಸ್ತ್ರದಲ್ಲಿ ಕಲಿಸುತ್ತದೆ.

ಹೆಚ್ಚು ಹಟದಿಂದ ಬರುವ ಆಕ್ಷೇಪ ಇನ್ನೊಂದು ಕಡೆಯದು: ಕೊಂಚ ಭಯವಿಲ್ಲದೆ ಶಿಸ್ತು ಬರುವುದೇ ಇಲ್ಲ, ನಾಲ್ಕು ಪೆಟ್ಟು ಬಿದ್ದರೇ ಹುಡುಗರು ಗಟ್ಟಿಯಾಗುತ್ತಾರೆ ಎನ್ನುವವರು ನಮ್ಮ ನಡುವೆ ಈಗಲೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಎಂಟನೇ ತರಗತಿಯ ಕೆಡೆಟ್ ನೇರವಾಗಿ ಅದರ ರಕ್ಷಣೆಯೊಳಗಿದ್ದಾನೆ. ಕಾನೂನಿನ ಮಾತು ಹಾಗಿರಲಿ, ತರ್ಕವೂ ಆ ಕಡೆಯೇ ಇದೆ. ಭಯದಿಂದ ನೇರವಾಗಿ ನಿಂತ ಹುಡುಗ ಭಯಪಡಿಸುವವನು ಬೆನ್ನು ತಿರುಗಿಸಿದೊಡನೆ ಬಾಗುತ್ತಾನೆ. ಅಷ್ಟೇ ಅಲ್ಲ, ತನ್ನ ತೋಳಿಗೆ ದರ್ಜೆಯ ಪಟ್ಟಿ ಬಂದ ದಿನ ಕಿರಿಯರ ಮೇಲೆ ಅದೇ ಭಯವನ್ನು ಪ್ರಯೋಗಿಸುತ್ತಾನೆ. ಹೊಡೆಸಿಕೊಂಡವನು ಹೊಡೆಯುವ ಈ ಸರಪಳಿಯನ್ನು ಕಡಿಯಲು ಸಾರ್ಜೆಂಟ್ ದರ್ಜೆಯ ಮಗುವಿಗೆ ಮೊದಲ ದಿನವೇ ಹೇಳಿಕೊಡಬೇಕಾದದ್ದು ಒಂದೇ: ಈ ಪಟ್ಟಿ ನಿನಗೆ ಕೊಟ್ಟಿರುವುದು ಕಿರಿಯರ ಹೊಣೆಯನ್ನು, ಅವರ ಮೇಲಿನ ಹಕ್ಕನ್ನಲ್ಲ. ಶಿಸ್ತಿನಿಂದ ಮಕ್ಕಳ ಸ್ವಂತಿಕೆ ಸಾಯುತ್ತದೆ ಎನ್ನುವವರಿಗೂ ಇದರಲ್ಲೇ ಉತ್ತರವಿದೆ. ನ್ಯಾಯವಾದ ಆಜ್ಞೆಯನ್ನೂ ಅನ್ಯಾಯದ ಆಜ್ಞೆಯನ್ನೂ ಬೇರ್ಪಡಿಸಿ ನೋಡಲು ಬಲ್ಲ ಮಗುವಿನ ಸ್ವಂತಿಕೆಗೆ ಕವಾಯತಿನಿಂದ ಧಕ್ಕೆಯಿಲ್ಲ.

ಹಾಗಾದರೆ ಆಗಬೇಕಾದದ್ದು ದೊಡ್ಡ ಸುಧಾರಣೆಯೇನಲ್ಲ. ಹೆಸರು ಬರೆಸಿಕೊಳ್ಳುವ ದಿನವೇ ನಿಯಮಗಳ ಪಟ್ಟಿ ಸರಳ ಕನ್ನಡದಲ್ಲಿ ಪೋಷಕರ ಕೈ ಸೇರಬೇಕು. ಅದರ ಒಂದು ಮಗ್ಗುಲಲ್ಲಿ ಕೆಡೆಟ್ ಮಾಡಬೇಕಾದದ್ದು, ಇನ್ನೊಂದು ಮಗ್ಗುಲಲ್ಲಿ ಕೆಡೆಟ್‌ಗೆ ಯಾರೂ ಮಾಡಬಾರದ್ದು ಎರಡೂ ಇರಬೇಕು. ದೂರು ಕೊಡಬೇಕಾದರೆ ಬೆಟಾಲಿಯನ್ನಿನಲ್ಲಿ ಯಾರನ್ನು ಕಾಣಬೇಕು ಎಂಬುದು ಶಾಲೆಯ ಸೂಚನಾ ಫಲಕದಲ್ಲಿರಬೇಕು. ಮಗು ಮನಸ್ಸಿಲ್ಲ ಎಂದರೆ ಬಿಟ್ಟುಹೋಗುವ ದಾರಿಯೂ ಅವಮಾನವಿಲ್ಲದೆ ತೆರೆದಿರಬೇಕು. ಇದೆಲ್ಲ ಶಿಸ್ತನ್ನು ಸಡಿಲಿಸುತ್ತದೆ ಎಂದು ಹೆದರಬೇಕಾಗಿಲ್ಲ. ತನ್ನ ಮೇಲಿನವರೂ ನಿಯಮಕ್ಕೆ ಒಳಪಟ್ಟಿದ್ದಾರೆ ಎಂದು ಕಣ್ಣಾರೆ ಕಂಡ ಮಗು ನಿಯಮವನ್ನು ನಂಬುತ್ತದೆ; ನಂಬಿ ಪಾಲಿಸಿದ್ದು ಸಮವಸ್ತ್ರ ಕಳಚಿದ ಮೇಲೂ ಉಳಿಯುತ್ತದೆ. ಪ್ರಜಾಪ್ರಭುತ್ವಕ್ಕೆ ಬೇಕಾದ ನಾಗರಿಕರು ಇಂಥವರೇ, ಅವರನ್ನು ಬೆಳೆಸುವ ಶಕ್ತಿ ಎನ್‌ಸಿಸಿಯ ನಿಯಮಗಳಿಗಿದೆ. ಆ ನಿಯಮಗಳನ್ನು ಅರ್ಧಕ್ಕೆ ಓದಿ ನಿಲ್ಲಿಸದೆ ಪೂರ್ತಿ ಜಾರಿಗೆ ತರುವುದು ಶಾಲೆಗಳ, ಪೋಷಕರ, ಅಧಿಕಾರಿಗಳ ಕೆಲಸ.