ಸಿ.ಡಿ. ಯಂತ್ರದ ಕಾಲ ಮುಗಿಯಿತೆ?

ಶ್ರೀರಂಗಪಟ್ಟಣದ ನೆರೆಯ ಬಾಬುರಾಯನಕೊಪ್ಪಲಿನವರಿಗೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವು ಚಿರಪರಿಚಿತ ವಿಷಯ. ಕಟ್ಟೆ ತುಂಬಿದಾಗ ಅದು 124.80 ಅಡಿ. ಏರಿಳಿಯುವ ನೀರನ್ನು ಅಂಕಿಗಳಲ್ಲಿ ಬರೆದಿಡಬೇಕಾದರೆ ಎರಡು ಪ್ರಶ್ನೆಗಳು ಏಳುತ್ತವೆ: ಎಷ್ಟು ಸಲ ಅಳೆಯಬೇಕು? ಎಷ್ಟು ಸೂಕ್ಷ್ಮವಾಗಿ ಅಳೆಯಬೇಕು? ಸಂಗೀತವನ್ನು ಅಂಕಿಗಳಾಗಿ ಮುದ್ರಿಸುವವರ ಮುಂದಿರುವ ಪ್ರಶ್ನೆಗಳೂ ಇವೇ.

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳ ಏಣಿಯ ಮೇಲೆ ಗುರುತಿಸಲಾಗುತ್ತದೆ. ಇಂದಿನ ಅತಿಸೂಕ್ಷ್ಮ ಮುದ್ರಣಗಳಲ್ಲಿ ಅಳತೆಯು ಸೆಕೆಂಡಿಗೆ 96,000 ಅಥವಾ 1,92,000 ಸಲ. ಮೆಟ್ಟಿಲುಗಳು 1 ಕೋಟಿ 67 ಲಕ್ಷಕ್ಕೂ ಹೆಚ್ಚು. ಹಾಗಾದರೆ ಹಳೆಯ ತಟ್ಟೆ ನಿರುಪಯುಕ್ತವಾಯಿತೆ?

ಇಲ್ಲ. ಮನುಷ್ಯನ ಕಿವಿ ಗ್ರಹಿಸುವ ಕಂಪನಗಳ ಮೇಲಿನ ಎಲ್ಲೆ ಸೆಕೆಂಡಿಗೆ ಸುಮಾರು 20,000; ವಯಸ್ಸಾದಂತೆ ಅದು ಇನ್ನೂ ತಗ್ಗುತ್ತದೆ. ಒಂದು ಕಂಪನವನ್ನು ಯಥಾವತ್ತಾಗಿ ಮರಳಿ ಪಡೆಯಲು ಅದರ ಇಮ್ಮಡಿಗಿಂತ ತುಸು ಹೆಚ್ಚು ಸಲ ಅಳೆದರೆ ಸಾಕೆಂಬುದು ಗಣಿತದಿಂದ ಸಿದ್ಧವಾದ ಸಂಗತಿ. ಹೆಚ್ಚಿನ ಮೆಟ್ಟಿಲುಗಳು ಧ್ವನಿಯನ್ನು ಮುದ್ರಿಸಿ ತಿದ್ದುವವರಿಗೆ ಬಹಳ ಉಪಯುಕ್ತ. ಮನೆಯಲ್ಲಿ ಕುಳಿತು ಕೇಳುವವರಿಗೆ ಅವುಗಳಿಂದಾಗುವ ಲಾಭ ಅತ್ಯಲ್ಪ.

ಮೈಸೂರಿನದೇ ಒಂದು ನಿದರ್ಶನವನ್ನು ನೋಡೋಣ. ಮಹಾರಾಜ ಜಯಚಾಮರಾಜ ಒಡೆಯರು ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಲಂಡನ್ನಿನಲ್ಲಿ ಆತನ ವಾದನದಲ್ಲೇ ಮುದ್ರಿಸಲು ಧನಸಹಾಯ ಮಾಡಿದರು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದನು. 1940ರ ದಶಕದ ಆ ಮುದ್ರಣಗಳು ಮೊದಲು ಮಗ್ಗುಲಿಗೆ 4–5 ನಿಮಿಷ ಮಾತ್ರ ಹಿಡಿಸುವ ಗ್ರಾಮಫೋನ್ ಪ್ಲೇಟುಗಳಾಗಿ ಬಂದವು; ಮುಂದೆ ಸಿ.ಡಿ.ಗಳಾಗಿಯೂ ಪ್ರಕಟವಾದವು. ಮೂಲ ಪ್ಲೇಟಿನಲ್ಲಿ ಇಲ್ಲದ ಸೂಕ್ಷ್ಮ ನಾದವನ್ನು ಅಂಕಿಗಳ ಹೆಚ್ಚಳದಿಂದ ಸೃಷ್ಟಿಸಲಾಗದು. ಕಟ್ಟೆಯಲ್ಲಿ ಇಲ್ಲದ ನೀರನ್ನು ಅಳತೆಗೋಲು ತಂದೀತೆ?

ಸಿ.ಡಿ. ಯಂತ್ರದ ಕೆಲಸವಾದರೂ ಏನು? ತಟ್ಟೆಯ ಅತಿಸಣ್ಣ ಗುಳಿಗಳನ್ನು ಲೇಸರ್ ಬೆಳಕಿನಿಂದ ಓದುವುದು. ಯಾವ ಮುಳ್ಳೂ ತಗುಲದ ಕಾರಣ ಕೇಳಿದಷ್ಟೂ ಸವೆಯುವ ಭಯವಿಲ್ಲ. ಅಂಕಿಗಳನ್ನು ಚದರಿಸಿ ಬರೆದಿರುವುದರಿಂದ ಸುಮಾರು 2.5 ಮಿಲಿಮೀಟರಿನ ಲೋಪವನ್ನೂ ಯಂತ್ರವು ಲೆಕ್ಕ ಹಾಕಿ ಪೂರ್ಣವಾಗಿ ಸರಿಪಡಿಸಬಲ್ಲದು.

ಅಂತರ್ಜಾಲದಲ್ಲಿ ಬಾಡಿಗೆಗೆ ಕೇಳುವ ಸಂಗೀತವು ಹಕ್ಕಿನ ಕರಾರು ಮುಗಿದರೆ ಮರೆಯಾಗಬಹುದು. ಕೊಂಡ ತಟ್ಟೆ ಮನೆಯಲ್ಲೇ ಉಳಿಯುತ್ತದೆ. ಆದರೆ ಓದುವ ಯಂತ್ರವಿಲ್ಲದಿದ್ದರೆ ಅದು ಹೊಳೆಯುವ ಮುಚ್ಚಳವಷ್ಟೆ. ಮನೆಯ ಕಂಪ್ಯೂಟರಿನಲ್ಲಿ ಬರೆದ ಸಿ.ಡಿ.ಗಳಂತೂ ಬಣ್ಣದ ಲೇಪವನ್ನು ಅವಲಂಬಿಸಿದವು. ಬಿಸಿಲು, ಸೆಕೆಗಳಿಗೆ ಅವು ಬೇಗ ಕೆಡುತ್ತವೆ. ಮಗಳ ಮದುವೆಯ ನಾದಸ್ವರವೋ, ತಾತನ ಗಮಕವೋ ಅಂಥ ತಟ್ಟೆಯಲ್ಲಿದ್ದರೆ, ಯಂತ್ರವು ಓದಬಲ್ಲ ಸ್ಥಿತಿಯಲ್ಲಿರುವಾಗಲೇ ಅಂಕಿಗಳನ್ನು ನಷ್ಟವಿಲ್ಲದೆ ಕಂಪ್ಯೂಟರಿಗೆ ನಕಲು ಮಾಡಿ, ಎರಡು ಕಡೆ ಇಡುವುದು ವಿವೇಕ. ಕಿವಿಯ ಮಟ್ಟಿಗೆ ಸಿ.ಡಿ. ಎಂದೂ ಹಿಂದೆ ಬಿದ್ದಿಲ್ಲ. ಕೈತಪ್ಪಿ ಹೋಗುತ್ತಿರುವುದು ಅದನ್ನು ಓದುವ ಸಾಧನ. ಅದನ್ನು ಮೂಲೆಗೆ ಎಸೆಯುವ ಮುನ್ನ ಮನೆಯ ತಟ್ಟೆಗಳನ್ನೊಮ್ಮೆ ಪರೀಕ್ಷಿಸುವುದು ಒಳ್ಳೆಯದು.